ತುಂಬಾ ಚೆನ್ನಾಗಿದೆ, ಆದ್ದರಿಂದ ಮಾರುವುದಿಲ್ಲ!

ಇವತ್ತು ಒಂದು ಜಾಹೀರಾತಿನಿಂದ ಶುರು ಮಾಡ್ತೀನಿ.

1988ರ ಜೂನ್ 22. ಜಪಾನಿನ ಪತ್ರಿಕೆಯಲ್ಲಿ ತೋಷಿಬಾ ಇಎಂಐ ಅನ್ನೋ ರೆಕಾರ್ಡ್ ಕಂಪನಿ ಒಂದು ಪ್ರಕಟಣೆ ಕೊಟ್ಟಿತು. ಆರ್‌ಸಿ ಸಕ್ಸೆಷನ್ ಎಂಬ ರಾಕ್ ತಂಡದ ‘ಕವರ್ಸ್’ ಆಲ್ಬಂ ಬರಬೇಕಿತ್ತು, ಅದಕ್ಕೂ ಮುಂಚೆ ಅದರದ್ದೇ ಒಂದು ಸಿಂಗಲ್ ಬರಬೇಕಿತ್ತು. ಎರಡೂ ಬರುವುದಿಲ್ಲ ಅಂತ ಪ್ರಕಟಣೆ. ಕಾರಣ ಏನು ಕೊಟ್ಟಿದ್ರು ಗೊತ್ತಾ? ಆಲ್ಬಂ ವಿಪರೀತ ಸೊಗಸಾಗಿದೆ, ಆದ್ದರಿಂದ ಬಿಡುಗಡೆ ಮಾಡಲಾಗುತ್ತಿಲ್ಲ!

ಅಲ್ಲ ಸ್ವಾಮಿ, ಮಾವಿನಹಣ್ಣಿನ ಅಂಗಡಿಯವನು ‘ಹಣ್ಣು ತುಂಬಾ ಸಿಹಿಯಾಗಿದೆ, ಅದಕ್ಕೇ ಮಾರಲ್ಲ’ ಅಂದ್ರೆ ನೀವು ನಂಬ್ತೀರಾ? ಜಪಾನಿನ ಜನರೂ ನಂಬಲಿಲ್ಲ. ನಿಜವಾದ ಕಾರಣ ಎಲ್ಲರಿಗೂ ಗೊತ್ತಿತ್ತು. ರೆಕಾರ್ಡ್ ಕಂಪನಿಯ ಹೆಸರಿನಲ್ಲೇ ಇತ್ತು. ತೋಷಿಬಾ. ನಮ್ಮ ಮನೆಗಳಲ್ಲಿ ಟಿವಿ, ಲ್ಯಾಪ್‌ಟಾಪ್ ರೂಪದಲ್ಲಿ ಬಂದು ಹೋದ ಅದೇ ತೋಷಿಬಾ. ಆದರೆ ಜಪಾನಿನಲ್ಲಿ ತೋಷಿಬಾ ಅಂದ್ರೆ ಬರೀ ಟಿವಿ ಅಲ್ಲ. ಅಣು ವಿದ್ಯುತ್ ಸ್ಥಾವರಗಳ ರಿಯಾಕ್ಟರ್ ಕಟ್ಟಿಕೊಡೋ ಕಂಪನಿ. ಮತ್ತು ಆ ಆಲ್ಬಂನಲ್ಲಿ ಎರಡು ಹಾಡು ಅಣು ಸ್ಥಾವರಗಳ ವಿರುದ್ಧ ಇದ್ದವು.

ಹಾಡಿದವನ ಹೆಸರು ಕಿಯೋಶಿರೋ ಇಮಾವಾನೊ. ಜಪಾನಿನಲ್ಲಿ ಇವನನ್ನ ‘ಕಿಂಗ್ ಆಫ್ ರಾಕ್’ ಅಂತಾರೆ. ಮುಖಕ್ಕೆ ಬಣ್ಣ, ನೆಟ್ಟಗೆ ನಿಂತ ಕೂದಲು, ಮಿನುಗುವ ಕೋಟು, ವೇದಿಕೆ ಮೇಲೆ ಹಾರಾಟ. ನೋಡಿದ್ರೆ ಯಕ್ಷಗಾನದ ಬಣ್ಣದ ವೇಷ ಗಿಟಾರ್ ಹಿಡಿದುಕೊಂಡು ಬಂದ ಹಾಗೆ ಇರುತ್ತೆ. ಇವನ ಬಗ್ಗೆ ನನಗೆ ಮೊದಲೇನೂ ಗೊತ್ತಿರಲಿಲ್ಲ. ನಮ್ಮ ಸುದ್ದಿಮನೆಯಲ್ಲಿ ವಿಡಿಯೋ ಎಡಿಟಿಂಗ್ ಮಾಡುವ ಹುಡುಗನೊಬ್ಬ ಒಂದು ರಾತ್ರಿ ಬುಲೆಟಿನ್ ಮುಗಿದ ಮೇಲೆ, ‘ಸರ್, ಇದನ್ನ ನೀವು ನೋಡಲೇಬೇಕು, ಲೈವ್‌ನಲ್ಲಿ ಆ್ಯಂಕರ್ ಗತಿ ಏನಾಯ್ತು ನೋಡಿ’ ಅಂತ ಒಂದು ಹಳೇ ಕ್ಲಿಪ್ ತೋರಿಸಿದ. ಆ ಕ್ಲಿಪ್ ವಿಷಯಕ್ಕೆ ಆಮೇಲೆ ಬರ್ತೀನಿ. ಅದನ್ನ ನೋಡಿ ನಕ್ಕೆ. ಮನೆಗೆ ಹೋಗಿ ಮಲಗಿದ ಮೇಲೆ ಮಾತ್ರ ನಗು ಬರಲಿಲ್ಲ.

ಮೊದಲು ಈ ಮನುಷ್ಯ ಯಾರು ಅಂತ ಹೇಳ್ತೀನಿ.

ಹುಟ್ಟಿದ್ದು 1951ರ ಏಪ್ರಿಲ್ 2ರಂದು, ಟೋಕಿಯೋದಲ್ಲಿ. ಬೆಳೆದದ್ದು ಟೋಕಿಯೋದ ಪಶ್ಚಿಮಕ್ಕಿರುವ ಕುನಿತಾಚಿ ಎಂಬ ಪಟ್ಟಣದಲ್ಲಿ. ‘ಇಮಾವಾನೊ’ ಅನ್ನೋದು ಅವನೇ ಇಟ್ಟುಕೊಂಡ ಹೆಸರು. ಜಪಾನಿಯಲ್ಲಿ ‘ಇಮಾವಾ’ ಅಂದ್ರೆ ಪ್ರಾಣ ಹೋಗುವ ಘಳಿಗೆ. ಇಂಥಾ ಹೆಸರನ್ನ ಯಾರಾದರೂ ಇಟ್ಟುಕೊಳ್ತಾರಾ? ಇವನು ಇಟ್ಟುಕೊಂಡ. ಹೈಸ್ಕೂಲಿನಲ್ಲಿದ್ದಾಗಲೇ ಗೆಳೆಯರ ಜೊತೆ ಸೇರಿ ಆರ್‌ಸಿ ಸಕ್ಸೆಷನ್ ಕಟ್ಟಿದ. 1968ರ ಮಾತು. ಆಗ ಮೂರೇ ಜನ. ಕರೆಂಟ್ ಗಿಟಾರ್ ಇಲ್ಲ, ಡ್ರಮ್ಸ್ ಇಲ್ಲ.

ಮಗ ಕಾಲೇಜಿಗೆ ಹೋಗಲ್ಲ, ಗಿಟಾರ್ ಬಾರಿಸ್ಕೊಂಡು ಬದುಕ್ತೀನಿ ಅಂತಾನೆ ಅಂದಾಗ ತಾಯಿ ಏನು ಮಾಡಿದ್ರು ಗೊತ್ತಾ? ‘ಅಸಾಹಿ ಶಿಂಬುನ್’ ಪತ್ರಿಕೆಯ ಸಲಹಾ ಅಂಕಣಕ್ಕೆ ಪತ್ರ ಬರೆದ್ರು. ನಮ್ಮಲ್ಲಿ ವಾರಪತ್ರಿಕೆಗಳಿಗೆ ‘ಮಗ ದಾರಿ ತಪ್ಪುತ್ತಿದ್ದಾನೆ, ಪರಿಹಾರ ತಿಳಿಸಿ’ ಅಂತ ಬರೀತಿದ್ರಲ್ಲ, ಹಾಗೇ. ಎಲ್ಲ ದೇಶದ ಅಮ್ಮಂದಿರೂ ಒಂದೇ ನೋಡಿ. ಆ ಹೊತ್ತಿನಲ್ಲಿ ಹುಡುಗನ ಪರವಾಗಿ ನಿಂತವರು ಶಾಲೆಯ ಚಿತ್ರಕಲಾ ಮೇಷ್ಟ್ರು. ಪಾಠದಲ್ಲಿ ಆಸಕ್ತಿ ಇಲ್ಲದ ಹುಡುಗ, ಸ್ಟಾಫ್ ರೂಮು ಇಷ್ಟಪಡದೆ ಚಿತ್ರಕಲಾ ಕೊಠಡಿಯಲ್ಲೇ ಸಿಗರೇಟು ಸೇದುತ್ತಾ ಕೂರುವ ಮೇಷ್ಟ್ರು. ಇಬ್ಬರಿಗೂ ಹೊಂದಿಕೆಯಾಯ್ತು. 1972ರಲ್ಲಿ ತಂಡಕ್ಕೆ ಸ್ವಲ್ಪ ಹೆಸರು ತಂದುಕೊಟ್ಟ ಹಾಡು ಆ ಮೇಷ್ಟ್ರ ಮೇಲೆಯೇ ಬರೆದದ್ದು. ಹಾಡಿನ ಹೆಸರೇ ‘ನನಗೆ ಇಷ್ಟವಾದ ಮೇಷ್ಟ್ರು’.

ಆಮೇಲೆ ಕಷ್ಟದ ಕಾಲ. ಏಜೆನ್ಸಿ ತಕರಾರು, ಕಂಪನಿ ತಕರಾರು. 1976ರಲ್ಲಿ ‘ಸಿಂಗಲ್ ಮ್ಯಾನ್’ ಎಂಬ ಆಲ್ಬಂ ಬಂತು. ಇವತ್ತು ಜಪಾನಿನ ರಾಕ್ ಸಂಗೀತದ ಶ್ರೇಷ್ಠ ಆಲ್ಬಂಗಳ ಪಟ್ಟಿಯಲ್ಲಿ ಅದರ ಹೆಸರು ಇರುತ್ತೆ. ಆಗ? ಮಾರಾಟವಾಗಲಿಲ್ಲ, ಕಂಪನಿ ಮುದ್ರಣವನ್ನೇ ನಿಲ್ಲಿಸಿತು. ಮತ್ತೆ ತಂದದ್ದು ಯಾರು? ಅಭಿಮಾನಿಗಳು ಮತ್ತು ಬೆರಳೆಣಿಕೆಯ ವಿಮರ್ಶಕರು. ‘ಈ ಆಲ್ಬಂ ಮತ್ತೆ ಬರಬೇಕು’ ಅಂತ ಸಮಿತಿ ಕಟ್ಟಿ, ಬೆನ್ನು ಬಿದ್ದು, 1980ರ ಹೊತ್ತಿಗೆ ಮರುಮುದ್ರಣ ಮಾಡಿಸಿದ್ರು. ಕಂಪನಿ ಬೇಡ ಅಂದದ್ದನ್ನ ಕೇಳುಗ ಬೇಕು ಅಂದು ವಾಪಸ್ ತಂದದ್ದು ಇವನ ಬದುಕಿನಲ್ಲಿ ಅದೇ ಮೊದಲು. ಕೊನೆ ಅಲ್ಲ.

ಅಷ್ಟರಲ್ಲಿ ತಂಡದ ರೂಪವೇ ಬದಲಾಗಿತ್ತು. ರೇಯಿಚಿ ನಾಕಾಯ್ದೋ ಅನ್ನುವ ಗಿಟಾರ್ ವಾದಕ ಬಂದು ಸೇರಿದ. ಎಲೆಕ್ಟ್ರಿಕ್ ಗಿಟಾರ್ ಬಂತು, ಡ್ರಮ್ಸ್ ಬಂತು, ಮುಖಕ್ಕೆ ಬಣ್ಣ ಬಂತು. 1980ರಲ್ಲಿ ಬಂದ ‘ರಾಪ್ಸಡಿ’ ಎಂಬ ಲೈವ್ ಆಲ್ಬಂನಿಂದ ತಂಡ ದೇಶಕ್ಕೆಲ್ಲ ಗೊತ್ತಾಯ್ತು. ಇವನಿಗೆ ಆರಾಧ್ಯ ದೈವ ಅಮೆರಿಕದ ಸೋಲ್ ಗಾಯಕ ಓಟಿಸ್ ರೆಡಿಂಗ್. ಓಟಿಸ್ ವೇದಿಕೆ ಮೇಲೆ ಜನರನ್ನ ‘ಎಲ್ಲ ಪರಸ್ಪರ ಪ್ರೀತಿ ಮಾಡ್ತೀರಿ ತಾನೇ’ ಅಂತ ಕೇಳ್ತಿದ್ದ. ಇವನು ಅದನ್ನೇ ಜಪಾನಿಯಲ್ಲಿ ಕೇಳೋಕೆ ಶುರು ಮಾಡಿದ. ಕೊನೇ ತನಕ ಅದು ಇವನ ಗುರುತಾಗಿ ಉಳೀತು. 1982ರಲ್ಲಿ ಸಂಗೀತಗಾರ ರ್ಯುಇಚಿ ಸಾಕಾಮೊಟೊ ಜೊತೆ ಮಾಡಿದ ಒಂದು ಸಿಂಗಲ್ ಶಿಸೇಡೋ ಸೌಂದರ್ಯವರ್ಧಕದ ಜಾಹೀರಾತಿಗೆ ಹೋಗಿ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಏರಿತು. ಗಮನಿಸಿ. ಈ ಮನುಷ್ಯ ಕಾರ್ಪೊರೇಟ್ ಅಂದ್ರೆ ಉರಿದು ಬೀಳುವ ಜಾತಿಯವನಲ್ಲ. ಜಾಹೀರಾತಿಗೆ ಹಾಡಿದ, ದುಡ್ಡು ತಗೊಂಡ, ಮಜಾ ಮಾಡಿದ. ಮೂವತ್ತೇಳು ವರ್ಷ ವಯಸ್ಸಾಗುವ ತನಕ ಇವನನ್ನ ರಾಜಕೀಯದ ಹಾಡುಗಾರ ಅಂತ ಯಾರೂ ಗುರುತಿಸ್ತಿರಲಿಲ್ಲ.

ಹಾಗಾದ್ರೆ 1988ರಲ್ಲಿ ಏನಾಯ್ತು?

ಎರಡು ವಿಷಯ. ಒಂದು ಲೋಕಕ್ಕೆ ಗೊತ್ತಿರೋದು. 1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಸ್ಥಾವರ ಸ್ಫೋಟವಾಯ್ತು. ಜಪಾನಿನಲ್ಲಿ ಆ ಹೊತ್ತಿಗೆ ಮೂವತ್ತಕ್ಕೂ ಹೆಚ್ಚು ರಿಯಾಕ್ಟರ್‌ಗಳಿದ್ದವು. ಎಲ್ಲವೂ ಸಮುದ್ರ ದಂಡೆಯಲ್ಲಿ, ಭೂಕಂಪದ ನಾಡಿನಲ್ಲಿ. ಹಿರೋಸೆ ತಕಾಶಿ ಎಂಬ ಲೇಖಕ ಬರೆದ ಅಣು ವಿರೋಧಿ ಪುಸ್ತಕ 1987ರಲ್ಲಿ ಬಂದು ಬಿಸಿ ದೋಸೆ ಥರ ಖರ್ಚಾಯ್ತು. 1988ರ ಫೆಬ್ರವರಿಯಲ್ಲಿ ಶಿಕೋಕು ದ್ವೀಪದ ಇಕಾತಾ ಸ್ಥಾವರದಲ್ಲಿ ಉತ್ಪಾದನೆಯನ್ನ ಏರಿಳಿಸುವ ಪ್ರಯೋಗ ಮಾಡಲು ಹೊರಟಾಗ, ವಿದ್ಯುತ್ ಕಂಪನಿಯ ಮುಂದೆ ಸಾವಿರಾರು ಜನ ಸೇರಿದ್ರು. ಪಕ್ಷದ ಬಾವುಟ ಹಿಡಿದವರಿಗಿಂತ ಮಕ್ಕಳನ್ನ ಎತ್ತಿಕೊಂಡು ಬಂದ ತಾಯಂದಿರೇ ಕಣ್ಣಿಗೆ ಬೀಳ್ತಿದ್ರು. ಗಾಳಿಯಲ್ಲೇ ಆ ಮಾತು ಇತ್ತು ಅನ್ನಿ.

ಎರಡನೆಯದು ಮನೆಯ ವಿಷಯ. ಪತ್ರಿಕೆಗೆ ಪತ್ರ ಬರೆದ ಆ ತಾಯಿ ಇದ್ದಾರಲ್ಲ, ಅವರು ಹೆತ್ತ ತಾಯಿ ಅಲ್ಲ. ದೊಡ್ಡಮ್ಮ. ಹೆತ್ತ ತಾಯಿ ತೀರಿಕೊಂಡಾಗ ಕಿಯೋಶಿರೋಗೆ ಮೂರು ವರ್ಷ. ತಾಯಿಯ ಅಕ್ಕ, ಭಾವ ಮಕ್ಕಳನ್ನ ಸಾಕಿದ್ರು. ಸಾಕಿದ ತಂದೆ ತಾಯಿ ಇಬ್ಬರೂ ಹೋದ ಮೇಲೆ, 1988ರ ಸುಮಾರಿಗೆ, ಹೆತ್ತಮ್ಮನ ಫೋಟೋಗಳು, ಅವಳು ಬರೆದಿಟ್ಟಿದ್ದ ಸಾಲುಗಳು ಇವನ ಕೈಗೆ ಬಂದವು. ಅವಳ ಮೊದಲ ಗಂಡ ಎರಡನೇ ಮಹಾಯುದ್ಧದಲ್ಲಿ ಸತ್ತಿದ್ದ. ಆ ದುಃಖವನ್ನ ಅವಳು ಕವಿತೆ ಮಾಡಿ ಬರೆದಿದ್ದಳು. ಹತ್ತಿರ ಹತ್ತಿರ ನಲವತ್ತರ ಗಂಡಸು, ತನ್ನ ಅಮ್ಮನ ಮುಖವನ್ನ ಮೊದಲ ಸಲ ನೋಡಿದ. ಚೆಂದ ಇದ್ದಳು, ಹಾಡುತ್ತಿದ್ದಳು ಅಂತ ತಿಳಿದ. ಆ ಕಾಲಕ್ಕೆ ಅವನು ಅಮ್ಮನ ಬಗ್ಗೆ ನೋಟ್ ಪುಸ್ತಕದಲ್ಲಿ ಬರೆದುಕೊಂಡದ್ದು ಅವನು ಸತ್ತ ಮೇಲೆ ಪುಸ್ತಕವಾಗಿ ಬಂತು. ಯುದ್ಧದ ವಿರುದ್ಧ, ಅಣುವಿನ ವಿರುದ್ಧ ದಿಢೀರ್ ಅಂತ ಯಾಕೆ ಹಾಡಿದ ಅಂತ ಕೇಳಿದವರಿಗೆ ಅರ್ಧ ಉತ್ತರ ಅಲ್ಲಿದೆ ಅಂತ ನನಗನ್ನಿಸುತ್ತೆ.

ಸರಿ, ‘ಕವರ್ಸ್’ಗೆ ಬರೋಣ. ಉಪಾಯ ಸರಳ. ಎಲ್ಲರಿಗೂ ಗೊತ್ತಿರುವ ಇಂಗ್ಲಿಷ್ ಹಾಡುಗಳ ಧಾಟಿ, ಅದಕ್ಕೆ ತನ್ನದೇ ಜಪಾನಿ ಮಾತು. ನಮ್ಮಲ್ಲಿ ಸಿನಿಮಾ ಧಾಟಿಗೆ ಚುನಾವಣೆ ಹಾಡು ಕಟ್ತಾರಲ್ಲ, ಆ ಥರ. ಬಾಬ್ ಡಿಲನ್, ಜಾನ್ ಲೆನನ್, ರೋಲಿಂಗ್ ಸ್ಟೋನ್ಸ್, ಎಲ್ಲರ ಹಾಡೂ ಇವೆ. ಎಲ್ವಿಸ್ ಪ್ರೀಸ್ಲಿಯ ‘ಲವ್ ಮಿ ಟೆಂಡರ್’ ಗೊತ್ತಲ್ಲ, ಜೇನಿನಂಥಾ ಪ್ರೇಮಗೀತೆ? ಅದೇ ಜೇನಿನ ಧಾಟಿಯಲ್ಲಿ ಇವನು ವಿಕಿರಣದ ಬಗ್ಗೆ, ‘ನಮಗೆ ಬೇಡ’ ಅನ್ನೋದರ ಬಗ್ಗೆ ಹಾಡಿದ. ಎಡ್ಡಿ ಕಾಕ್ರನ್‌ನ ‘ಸಮ್ಮರ್‌ಟೈಮ್ ಬ್ಲೂಸ್’ ಧಾಟಿಯಲ್ಲಿ ಬೇಸಿಗೆ ರಜೆ, ಸಮುದ್ರ ತೀರ, ಅಲ್ಲಿ ಎದ್ದು ನಿಂತ ಸ್ಥಾವರಗಳು. ಸುರಕ್ಷಿತ ಅಂತ ಹೇಳುವವರ ಮಾತಿಗೆ ಗೇಲಿ. ಅತಿಥಿಗಳಾಗಿ ಯಾರ್ಯಾರೋ ಬಂದು ಹಾಡಿದ್ರು. ನ್ಯೂಯಾರ್ಕಿನ ಪಂಕ್ ಗಿಟಾರ್ ವಾದಕ ಜಾನಿ ಥಂಡರ್ಸ್ ಇದ್ದ. ಫುಯುಮಿ ಸಾಕಾಮೊಟೊ ಎಂಬ ಸಾಂಪ್ರದಾಯಿಕ ಎಂಕಾ ಗಾಯಕಿಯೂ ಇದ್ದಳು. ರಾಕ್‌ಗೂ ಎಂಕಾಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಆದರೂ ಬಂದಳು.

ಆಲ್ಬಂ ಬಿಡುಗಡೆಗೆ ಗೊತ್ತು ಮಾಡಿದ ದಿನ ಆಗಸ್ಟ್ 6. ಹಿರೋಷಿಮಾ ದಿನ. ಅದಕ್ಕೆ ಮುಂಚೆಯೇ, ಜೂನ್ 22ಕ್ಕೆ, ಆ ‘ಅತಿ ಸೊಗಸು’ ಪ್ರಕಟಣೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಜಪಾನಿನ ಸಂವಿಧಾನದ 21ನೇ ವಿಧಿ ಸೆನ್ಸಾರ್‌ಶಿಪ್ ಮಾಡಕೂಡದು ಅಂತ ನೇರವಾಗಿ ಹೇಳುತ್ತೆ. ನಮ್ಮ ಸಂವಿಧಾನದಲ್ಲಿ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ‘ಸಮಂಜಸ ನಿರ್ಬಂಧ’ಗಳ ಬಾಲ ಇದೆ. ಅಲ್ಲಿ ಅಷ್ಟು ಉದ್ದದ ಬಾಲ ಇಲ್ಲ. ‘ಕವರ್ಸ್’ ಆಲ್ಬಂಗೆ ಸರ್ಕಾರ ನಿಷೇಧ ಹಾಕಿರಲಿಲ್ಲ. ಪೊಲೀಸ್ ಬಂದಿರಲಿಲ್ಲ. ಕೋರ್ಟು ತಡೆಯಾಜ್ಞೆ ಕೊಟ್ಟಿರಲಿಲ್ಲ. ಜಪಾನಿಯಲ್ಲಿ ‘ಜಿಶುಕು’ ಅಂತ ಒಂದು ಪದ ಇದೆ. ತನ್ನನ್ನು ತಾನೇ ತಡೆದುಕೊಳ್ಳೋದು, ಸ್ವಯಂ ಸಂಯಮ ಅನ್ನಬಹುದು. ಕೇಳೋಕೆ ಯೋಗಾಭ್ಯಾಸದ ಪದದ ಥರ ಇದೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಚಕ್ರವರ್ತಿ ಹಿರೋಹಿತೊ ಹಾಸಿಗೆ ಹಿಡಿದಾಗ ಇಡೀ ದೇಶ ಈ ಜಿಶುಕು ಮಾಡಿತು. ಹಬ್ಬಗಳು ರದ್ದಾದವು, ಟಿವಿಯ ಹಾಸ್ಯ ಕಾರ್ಯಕ್ರಮಗಳು ಸದ್ದಡಗಿದವು. ಯಾರೂ ಆದೇಶ ಕೊಟ್ಟಿರಲಿಲ್ಲ. ಎಲ್ಲರೂ ಪಕ್ಕದವನ ಮುಖ ನೋಡಿ ಸುಮ್ಮನಾದ್ರು. ಆದೇಶ ಇದ್ದಿದ್ರೆ ಪ್ರಶ್ನೆ ಮಾಡಬಹುದಿತ್ತು. ಆದೇಶವೇ ಇಲ್ಲದಿದ್ದಾಗ ಯಾರನ್ನ ಹಿಡಿದು ಕೇಳ್ತೀರಿ? ರೆಕಾರ್ಡ್ ಕಂಪನಿಯ ಅಧಿಕಾರಿಗೆ ಮೇಲಿನವರು ಕಾಗದದಲ್ಲಿ ಬರೆದು ಕಳಿಸಬೇಕಾದ ಅಗತ್ಯವಿಲ್ಲ. ತನ್ನ ಸಂಬಳದ ಮೂಲ ಎಲ್ಲಿದೆ ಅಂತ ಅವನಿಗೆ ಗೊತ್ತಿರುತ್ತೆ.

ನನಗೂ ಗೊತ್ತಿತ್ತು. ಹೇಳಿಬಿಡ್ತೀನಿ. ಹಲವು ವರ್ಷಗಳ ಹಿಂದೆ, ಈಗಿನ ಜಾಗದಲ್ಲಿ ಅಲ್ಲ, ಬೇರೆ ಕಡೆ ಇದ್ದಾಗ, ಒಂದು ಕಾರ್ಖಾನೆಯ ನೀರು ಹರಿದು ಕೆರೆ ಹಾಳಾದ ವರದಿ ಇತ್ತು. ನಮ್ಮ ವರದಿಗಾರ ಎರಡು ದಿನ ಅಲ್ಲಿದ್ದು ತಂದಿದ್ದ. ಸತ್ತ ಮೀನುಗಳ ದೃಶ್ಯ, ಅಳುತ್ತಿದ್ದ ಒಬ್ಬ ಮುದುಕಿಯ ಬೈಟ್. ಹೆಡ್‌ಲೈನ್ಸ್‌ನಲ್ಲಿ ನಾನೇ ಓದಿದ್ದೆ. ಬ್ರೇಕ್ ಆದ ಮೇಲೆ ಆ ಸುದ್ದಿ ಬರಬೇಕಿತ್ತು. ಬ್ರೇಕಿನಲ್ಲಿ ಯಾರ ಜಾಹೀರಾತು ಬಂತು ಅಂತ ನೀವೇ ಊಹೆ ಮಾಡಿ. ಬ್ರೇಕ್ ಮುಗೀತಿದ್ದ ಹಾಗೆ ಕಿವಿಯಲ್ಲಿ, ಅಂದ್ರೆ ನಾವು ಹಾಕಿಕೊಳ್ಳೋ ಇಯರ್‌ಪೀಸ್‌ನಲ್ಲಿ, ‘ಅದನ್ನ ಬಿಡಿ, ಕ್ರಿಕೆಟ್‌ಗೆ ಹೋಗಿ’ ಅಂತ ಬಂತು. ಹೋದೆ. ಕ್ರಿಕೆಟ್‌ಗೆ ಹೋದೆ. ನಗುತ್ತಾ ಹೋದೆ, ಯಾಕಂದ್ರೆ ಕ್ರಿಕೆಟ್ ಸುದ್ದಿಯನ್ನ ನಗುತ್ತಾ ಓದಬೇಕು. ಮಾರನೇ ದಿನ ಆ ವರದಿಗಾರ ನನ್ನನ್ನ ಏನೂ ಕೇಳಲಿಲ್ಲ. ಕೇಳಿದ್ದಿದ್ರೆ ಚೆನ್ನಾಗಿತ್ತು.

ಇರಲಿ. ‘ಕವರ್ಸ್’ ಏನಾಯ್ತು? ತಂಡದ ಹಳೆಯ ಮನೆಯಂತಿದ್ದ ಕಿಟ್ಟಿ ರೆಕಾರ್ಡ್ಸ್ ಮುಂದೆ ಬಂತು. ಆಗಸ್ಟ್ 6 ತಪ್ಪಿ ಹೋಗಿ, ಆಗಸ್ಟ್ 15ಕ್ಕೆ ಆಲ್ಬಂ ಹೊರಬಂತು. ನಮಗೆ ಸ್ವಾತಂತ್ರ್ಯ ದಿನ, ಜಪಾನಿಗೆ ಯುದ್ಧದಲ್ಲಿ ಸೋತು ಶರಣಾದ ದಿನ. ಬಂದ ಕೂಡಲೇ ಮಾರಾಟದ ಪಟ್ಟಿಯಲ್ಲಿ ಒಂದನೇ ಸ್ಥಾನ. ಇಪ್ಪತ್ತು ವರ್ಷದಿಂದ ಹಾಡುತ್ತಿದ್ದ ಆರ್‌ಸಿ ಸಕ್ಸೆಷನ್‌ಗೆ ಆಲ್ಬಂ ಪಟ್ಟಿಯ ಒಂದನೇ ಸ್ಥಾನ ಸಿಕ್ಕಿದ್ದು ಅದೊಂದೇ ಸಲ. ಆ ಪತ್ರಿಕಾ ಪ್ರಕಟಣೆ ಇಲ್ಲದಿದ್ರೆ ಸಿಗ್ತಿತ್ತೋ ಇಲ್ಲವೋ! ಮಾರಲ್ಲ ಅಂತ ಹೇಳಿದವರೇ ದೊಡ್ಡ ಪ್ರಚಾರ ಮಾಡಿಕೊಟ್ಟಿದ್ರು.

ಒಂದನೇ ಸ್ಥಾನ ಸಿಕ್ಕಿದ ಮಾತ್ರಕ್ಕೆ ಇವನ ಸಿಟ್ಟು ಇಳೀಲಿಲ್ಲ. ರೇಡಿಯೋಗಳು ಕೆಲವು ಹಾಡುಗಳನ್ನ ಹಾಕ್ತಾ ಇರಲಿಲ್ಲ. ಆಗ ಈತ ಒಂದು ವೇಷ ಹಾಕಿದ. ತಲೆಗೆ ಹೆಲ್ಮೆಟ್, ಕಣ್ಣಿಗೆ ಕಪ್ಪು ಕನ್ನಡಕ, ಮುಖಕ್ಕೆ ಟವೆಲ್ ಸುತ್ತಿಕೊಂಡು, ಕಟ್ಟಡ ಕಾರ್ಮಿಕರ ಬಟ್ಟೆ. 1960ರ ದಶಕದ ಕೊನೆಯಲ್ಲಿ ಜಪಾನಿನ ವಿದ್ಯಾರ್ಥಿಗಳು ಪೊಲೀಸರ ಜೊತೆ ಬೀದಿ ಕಾಳಗ ಮಾಡ್ತಿದ್ದಾಗ ಹೀಗೇ ಇರ್ತಿದ್ರು. ತಂಡದ ಹೆಸರು ‘ದಿ ಟೈಮರ್ಸ್’. ಜಪಾನಿ ಬಾಯಲ್ಲಿ ‘ತಾಯ್ಮಾ’ ಅಂದ್ರೆ ಗಾಂಜಾ, ಅದರ ಶ್ಲೇಷೆ. ಇವನ ಹೆಸರು ಈಗ ‘ಝೆರಿ’. ಇಮಾವಾನೊ ಅಲ್ಲವೇ ಅಲ್ಲ, ಅವನ ಹಾಗೆ ಕಾಣುವ ಬೇರೆ ಯಾರೋ ಅಂತೆ. ಇಡೀ ದೇಶಕ್ಕೆ ಗೊತ್ತು, ಆದರೂ ಎಲ್ಲರೂ ನಾಟಕಕ್ಕೆ ಒಪ್ಪಿಕೊಂಡ್ರು. ಇದರಲ್ಲಿ ಇನ್ನೊಂದು ತಮಾಷೆ ಇದೆ. ಟೈಮರ್ಸ್ ಆಲ್ಬಂ ಹೊರತಂದ ಕಂಪನಿ ಯಾವುದು? ಅದೇ ತೋಷಿಬಾ ಇಎಂಐ! ವ್ಯಾಪಾರ ಸ್ವಾಮಿ, ವ್ಯಾಪಾರ. ಒಂದು ಕೈಯಲ್ಲಿ ಬಾಯಿ ಮುಚ್ಚಿಸಿ ಇನ್ನೊಂದು ಕೈಯಲ್ಲಿ ಮೈಕು ಕೊಡೋದು ಅಲ್ಲಿಗೂ ಹೊಸದಲ್ಲ, ಇಲ್ಲಿಗೂ ಹೊಸದಲ್ಲ.

ಈಗ ಆ ಕ್ಲಿಪ್ ವಿಷಯ.

1989ರ ಅಕ್ಟೋಬರ್ 13. ಫುಜಿ ಟಿವಿಯಲ್ಲಿ ‘ಹಿಟ್ ಸ್ಟುಡಿಯೋ ಆರ್ ಆ್ಯಂಡ್ ಎನ್’ ಎಂಬ ಸಂಗೀತ ಕಾರ್ಯಕ್ರಮ. ನೇರ ಪ್ರಸಾರ. ಟೈಮರ್ಸ್ ಬಂದ್ರು. ರಿಹರ್ಸಲ್‌ನಲ್ಲಿ ಯಾವ ಹಾಡು ಹಾಡಿದ್ರೋ ಅದನ್ನೇ ಪ್ರಸಾರದಲ್ಲೂ ಹಾಡಬೇಕು, ಕ್ಯಾಮರಾ ಕೂಡಾ ಹಾಗೇ ಸಿದ್ಧವಾಗಿರುತ್ತೆ. ಮೊದಲ ಹಾಡು ಸರಿಯಾಗಿ ಆಯ್ತು. ಎರಡನೆಯದು ಶುರುವಾಯ್ತು ನೋಡಿ, ಅದು ರಿಹರ್ಸಲ್‌ನಲ್ಲಿ ಇದ್ದ ಹಾಡೇ ಅಲ್ಲ. ಎಫ್‌ಎಂ ಟೋಕಿಯೋ ಎಂಬ ರೇಡಿಯೋ ಸ್ಟೇಷನ್ ಹೆಸರು ಹಿಡಿದು ಬೈಗುಳ! ಇವನ ಹಾಡುಗಳನ್ನ, ಇವನು ಗೆಳೆಯನ ಜೊತೆ ಸೇರಿ ಬರೆದ ಹಾಡನ್ನ ಪ್ರಸಾರ ಮಾಡಲು ಒಪ್ಪದಿದ್ದದ್ದಕ್ಕೆ ಸೇಡು. ಟಿವಿಯಲ್ಲಿ ಹೇಳಬಾರದ ಪದವೂ ಅದರಲ್ಲಿ ಇತ್ತು. ಪಿಸಿಆರ್‌ನಲ್ಲಿ, ಅಂದ್ರೆ ಪ್ರಸಾರ ನಿಯಂತ್ರಿಸುವ ಕೋಣೆಯಲ್ಲಿ, ಅವತ್ತು ಏನಾಗಿರಬಹುದು ಅಂತ ನನ್ನಂಥವರಿಗೆ ಯಾರೂ ಹೇಳಬೇಕಾಗಿಲ್ಲ. ಯಾರೋ ಕೂಗಿರ್ತಾರೆ, ಯಾರೋ ತಲೆ ಮೇಲೆ ಕೈ ಹೊತ್ತಿರ್ತಾರೆ, ಯಾರೋ ಫೋನ್ ಎತ್ತಿಕೊಂಡಿರ್ತಾರೆ. ಆದರೆ ಪ್ರಸಾರ ಕಡಿಯಲಿಲ್ಲ. ಹಾಡು ಪೂರ್ತಿ ಹೋಯ್ತು. ಆಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ಮುಂದಿನ ಹಾಡಿಗೆ ಹೋದ್ರು. ಅದು ‘ಡೇಡ್ರೀಮ್ ಬಿಲೀವರ್’, ಮಂಕೀಸ್ ತಂಡದ ಹಳೇ ಧಾಟಿಗೆ ಇವನು ಕಟ್ಟಿದ ಜಪಾನಿ ಮಾತು, ಅತ್ಯಂತ ಮೃದುವಾದ ಹಾಡು.

ಕಾರ್ಯಕ್ರಮ ನಡೆಸಿಕೊಡುತ್ತಿದ್ದವರು ಇಚಿರೋ ಫುರುತಾಚಿ. ಕುಸ್ತಿ ಪಂದ್ಯಗಳಿಗೆ, ಫಾರ್ಮುಲಾ ಒನ್ ಕಾರ್ ರೇಸಿಗೆ ಮಷಿನ್ ಗನ್ ವೇಗದಲ್ಲಿ ಕಾಮೆಂಟರಿ ಹೇಳಿ ಹೆಸರಾದವರು. ಮಾತಿನ ಮಲ್ಲ. ಅವತ್ತು ಅವರ ಪಾಲಿಗೆ ಬಂದ ಕೆಲಸ ಏನು? ಪ್ರಸಾರದಲ್ಲಿ ಅನುಚಿತ ಮಾತುಗಳು ಬಂದವು, ಕ್ಷಮಿಸಿ ಅಂತ ಕೇಳಿಕೊಳ್ಳೋದು. ಕೇಳಿಕೊಂಡ್ರು. ನಮ್ಮ ಹುಡುಗ ನನಗೆ ‘ಆ್ಯಂಕರ್ ಗತಿ ನೋಡಿ’ ಅಂದದ್ದು ಇದನ್ನೇ. ಹಾಡಿದವನು ಹೆಲ್ಮೆಟ್ ಹಾಕಿಕೊಂಡು ಮನೆಗೆ ಹೋಗ್ತಾನೆ. ಮುಖ ತೋರಿಸಿಕೊಂಡು ಕೂತವನು ತಲೆ ಬಗ್ಗಿಸಬೇಕು. ಅವರ ಬಗ್ಗೆ ಅಯ್ಯೋ ಅನ್ನಿಸ್ತು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಅವರು ಬೇರೆಯವನು ಆಡಿದ ಮಾತಿಗೆ ಕ್ಷಮೆ ಕೇಳಿದ್ರು. ನಾನು ಆಡದೇ ಬಿಟ್ಟ ಮಾತಿಗೆ ಯಾರ ಹತ್ತಿರ ಕೇಳಲಿ? ಆ ಕೆರೆಯ ಮುದುಕಿಯ ಹತ್ತಿರವಾ?

ಇದೇ ಫುರುತಾಚಿ 2004ರಲ್ಲಿ ಟಿವಿ ಅಸಾಹಿಯ ‘ಹೋದೋ ಸ್ಟೇಷನ್’ ಎಂಬ ರಾತ್ರಿ ಸುದ್ದಿಯ ಆ್ಯಂಕರ್ ಆದ್ರು. ಹನ್ನೆರಡು ವರ್ಷ ಓದಿದ್ರು, 2016ರಲ್ಲಿ ಬಿಟ್ರು. ಫುಕುಶಿಮಾ ದುರಂತ ಆದಾಗ ಆ ಕುರ್ಚಿಯಲ್ಲಿ ಇದ್ದವರು ಅವರೇ. ಒಬ್ಬನ ಬದುಕಿನ ದಾರಿ ಇನ್ನೊಬ್ಬನ ದಾರಿಯನ್ನ ಎಲ್ಲೆಲ್ಲಿ ದಾಟುತ್ತೆ ನೋಡಿ.

ಆರ್‌ಸಿ ಸಕ್ಸೆಷನ್ 1990ರ ಡಿಸೆಂಬರ್‌ನಲ್ಲಿ ಬುಡೋಕಾನ್ ಸಭಾಂಗಣದಲ್ಲಿ ಹಾಡಿ ನಿಂತೇ ಹೋಯ್ತು. ಆಮೇಲೆ ಈತ ಬೇರೆ ಬೇರೆ ತಂಡ ಕಟ್ಟಿದ. 1992ರಲ್ಲಿ ಅಮೆರಿಕದ ಮೆಂಫಿಸ್‌ಗೆ ಹೋಗಿ, ಓಟಿಸ್ ರೆಡಿಂಗ್‌ಗೆ ನುಡಿಸುತ್ತಿದ್ದ ಬುಕರ್ ಟಿ ತಂಡದವರ ಜೊತೆಗೇ ಆಲ್ಬಂ ಮಾಡಿ ಬಂದ. ಆ ಊರು ಇವನಿಗೆ ಗೌರವ ಪೌರತ್ವ ಕೊಟ್ಟಿತು. ಹುಡುಗನಾಗಿದ್ದಾಗ ರೆಕಾರ್ಡ್ ಹಾಕಿ ಕೇಳಿದವರ ನಡುವೆ ನಿಂತು ಹಾಡೋದು ಅಂದ್ರೆ ಸುಮ್ಮನೆ ಅಲ್ಲ.

ಮತ್ತೆ ಗಲಾಟೆ ಆಗಿದ್ದು 1999ರಲ್ಲಿ. ಹಿನ್ನೆಲೆ ಸ್ವಲ್ಪ ಗಂಭೀರ. ಜಪಾನಿನಲ್ಲಿ ‘ಕಿಮಿಗಾಯೋ’ ರಾಷ್ಟ್ರಗೀತೆಯಾಗಿ ಬಳಕೆಯಲ್ಲಿತ್ತು, ಆದರೆ ಕಾನೂನಿನಲ್ಲಿ ಇರಲಿಲ್ಲ. ಚಕ್ರವರ್ತಿಯ ಆಳ್ವಿಕೆ ಬಾಳಲಿ ಎಂಬ ಅರ್ಥದ ಹಳೇ ಪದ್ಯ ಅದು. ಯುದ್ಧಕಾಲದ ನೆನಪು ಇರುವ ಅನೇಕರು, ಅದರಲ್ಲೂ ಶಿಕ್ಷಕರ ಸಂಘಗಳು, ಶಾಲೆಯಲ್ಲಿ ಹಾಡಿಸೋದನ್ನ ವಿರೋಧಿಸ್ತಿದ್ರು. 1999ರ ಫೆಬ್ರವರಿ ಕೊನೆಯಲ್ಲಿ ಹಿರೋಷಿಮಾ ಪ್ರಾಂತ್ಯದ ಒಂದು ಹೈಸ್ಕೂಲಿನ ಮುಖ್ಯೋಪಾಧ್ಯಾಯರು, ಹಾಡಿಸಲೇಬೇಕು ಅನ್ನುವ ಶಿಕ್ಷಣ ಇಲಾಖೆ ಒಂದು ಕಡೆ, ಆಗಲ್ಲ ಅನ್ನುವ ಶಿಕ್ಷಕರು ಇನ್ನೊಂದು ಕಡೆ, ನಡುವೆ ಸಿಕ್ಕಿ ಪದವಿ ಸಮಾರಂಭದ ಹಿಂದಿನ ದಿನ ಆತ್ಮಹತ್ಯೆ ಮಾಡಿಕೊಂಡ್ರು. ಸರ್ಕಾರ ಏನು ಮಾಡ್ತು? ಕಾನೂನೇ ಇರಲಿ, ಆಗ ಜಗಳ ಇರಲ್ಲ ಅಂತ ಆಗಸ್ಟ್‌ನಲ್ಲಿ ರಾಷ್ಟ್ರಧ್ವಜ, ರಾಷ್ಟ್ರಗೀತೆ ಕಾಯ್ದೆ ತಂದುಬಿಟ್ಟಿತು.

ಇಮಾವಾನೊ ಅದೇ ಗೀತೆಯನ್ನ ಪಂಕ್ ರಾಕ್ ಶೈಲಿಯಲ್ಲಿ ಹಾಡಿ ‘ಚಳಿಗಾಲದ ಶಿಲುಬೆ’ ಎಂಬ ಅರ್ಥದ ಆಲ್ಬಂನಲ್ಲಿ ಸೇರಿಸಿದ. ಮೂಲ ಪದ್ಯವನ್ನ ತಿರುಚಲಿಲ್ಲ. ಕಾಯ್ದೆಯಲ್ಲಿರೋ ಗೀತೆಯನ್ನೇ ಹಾಡಿದ, ವೇಗ ಮತ್ತು ಗದ್ದಲ ಮಾತ್ರ ಅವನದು. ದೇಶದ ಹಾಡನ್ನ ದೇಶದ ಪ್ರಜೆ ತನ್ನ ಶೈಲಿಯಲ್ಲಿ ಹಾಡಬಹುದೋ ಇಲ್ಲವೋ ಎಂಬ ಪ್ರಶ್ನೆ. ಈ ಸಲ ಪಾಲಿಡಾರ್ ಕಂಪನಿ ಕೈ ಎತ್ತಿತು. ಇವನು ಸ್ವತಂತ್ರ ಲೇಬಲ್ ಮೂಲಕ ಸೆಪ್ಟೆಂಬರ್‌ನಲ್ಲಿ ಹೊರತಂದ. ಈ ವಿಷಯದಲ್ಲಿ ನನ್ನ ವೀಕ್ಷಕರಲ್ಲಿ ಅರ್ಧ ಜನ ನನ್ನ ಜೊತೆ ಜಗಳಕ್ಕೆ ಬರ್ತಾರೆ ಅಂತ ಗೊತ್ತು. ಬನ್ನಿ. ನಮ್ಮ ರಾಷ್ಟ್ರಗೀತೆಯನ್ನ ಯಾರಾದರೂ ಹೀಗೆ ಹಾಡಿದ್ರೆ ನನಗೂ ಮೊದಲು ಮೈ ಉರಿಯುತ್ತೆ, ಸುಳ್ಳು ಯಾಕೆ ಹೇಳಲಿ. ಆದರೆ ಒಬ್ಬ ಮೇಷ್ಟ್ರ ಪ್ರಾಣ ಹೋದ ಮೇಲೆ ಅದೇ ವರ್ಷ ಅದೇ ಗೀತೆಯನ್ನ ಇವನು ಕಿರುಚಿ ಹಾಡಿದ ಅಂತ ಗೊತ್ತಾದಾಗ, ಮೈ ಉರಿಯೋದು ನಿಂತು ಬೇರೆ ಏನೋ ಆಗುತ್ತೆ. ಮೇಷ್ಟ್ರ ಮೇಲೆ ಹಾಡು ಬರೆದು ಬೆಳಕಿಗೆ ಬಂದವನು ಇವನು ಅನ್ನೋದನ್ನ ಮರೀಬೇಡಿ.

ಐವತ್ತರ ನಂತರ ಈತನಿಗೆ ಸೈಕಲ್ ಹುಚ್ಚು ಹಿಡೀತು. ಟೋಕಿಯೋದಿಂದ ದೂರದೂರಿಗೆ ನೂರಾರು ಕಿಲೋಮೀಟರ್ ಸೈಕಲ್ ತುಳಿದು ಹೋಗ್ತಿದ್ದ. 2005ರಲ್ಲಿ ಅವನ ದುಬಾರಿ ಕಿತ್ತಳೆ ಬಣ್ಣದ ಸೈಕಲ್ ಕಳುವಾಯ್ತು. ಅದು ಜಪಾನಿನಲ್ಲಿ ರಾಷ್ಟ್ರೀಯ ಸುದ್ದಿ. ಆಮೇಲೆ ಸಿಕ್ಕಿತು, ಅದೂ ಸುದ್ದಿ.

2006ರ ಜುಲೈನಲ್ಲಿ ಗಂಟಲಿನ ಕ್ಯಾನ್ಸರ್. ಧ್ವನಿಪೆಟ್ಟಿಗೆಯ ಭಾಗದಲ್ಲೇ. ಶಸ್ತ್ರಚಿಕಿತ್ಸೆ ಮಾಡಿದ್ರೆ ಬದುಕುವ ಅವಕಾಶ ಹೆಚ್ಚು, ಆದರೆ ಧ್ವನಿ ಹೋಗುತ್ತೆ. ಇವನು ಶಸ್ತ್ರಚಿಕಿತ್ಸೆ ಬೇಡ ಅಂದ. ಇದು ಸರಿಯಾದ ನಿರ್ಧಾರ ಅಂತ ನಾನು ಹೇಳಲ್ಲ. ಇದನ್ನ ಓದಿ ಯಾರೂ ವೈದ್ಯರ ಮಾತು ಮೀರಬೇಡಿ. ಅದು ಅವನ ಗಂಟಲು, ಅವನ ಲೆಕ್ಕ. ಬೇರೆ ಚಿಕಿತ್ಸೆ ತಗೊಂಡ, ಕೂದಲು ಉದುರಿತು, ಮತ್ತೆ ಬೆಳೀತು. 2008ರ ಫೆಬ್ರವರಿ 10ರಂದು ಬುಡೋಕಾನ್‌ನಲ್ಲಿ ಮತ್ತೆ ವೇದಿಕೆ ಹತ್ತಿದ, ಅದೇ ಬಣ್ಣ, ಅದೇ ಹಾರಾಟ. ಐದೇ ತಿಂಗಳು. ಜುಲೈನಲ್ಲಿ ರೋಗ ಸೊಂಟದ ಮೂಳೆಗೆ ಹರಡಿದ್ದು ಗೊತ್ತಾಯ್ತು. 2009ರ ಮೇ 2ರಂದು ತೀರಿಕೊಂಡ. 58 ವರ್ಷ. ಟೋಕಿಯೋದ ಅವೋಯಾಮ ಅಂತ್ಯಕ್ರಿಯಾ ಭವನದಲ್ಲಿ ಮೇ 9ರಂದು ನಡೆದ ವಿದಾಯಕ್ಕೆ ‘ಅವೋಯಾಮ ರಾಕ್ ಆ್ಯಂಡ್ ರೋಲ್ ಶೋ’ ಅಂತ ಹೆಸರಿಟ್ಟರು. 40 ಸಾವಿರಕ್ಕೂ ಹೆಚ್ಚು ಜನ ಸಾಲಿನಲ್ಲಿ ನಿಂತಿದ್ರು.

ಅವನು ಹೋಗಿ ಎರಡು ವರ್ಷ ಆಗೋದ್ರೊಳಗೆ, 2011ರ ಮಾರ್ಚ್ 11ರಂದು ಭೂಕಂಪ, ಸುನಾಮಿ. ಮೂರನೇ ದಿನ, ಮಾರ್ಚ್ 14ರಂದು, ಫುಕುಶಿಮಾ ದಾಯಿಚಿ ಸ್ಥಾವರದ ಮೂರನೇ ಘಟಕದ ಕಟ್ಟಡ ಸ್ಫೋಟವಾಗಿ ಕಪ್ಪು ಹೊಗೆ ಆಕಾಶಕ್ಕೆ ಎದ್ದಿತು. ಆ ದೃಶ್ಯವನ್ನ ನಾವೂ ತೋರಿಸಿದ್ವಿ, ಮತ್ತೆ ಮತ್ತೆ ತೋರಿಸಿದ್ವಿ. ಮೂರನೇ ಘಟಕದ ರಿಯಾಕ್ಟರ್ ಕಟ್ಟಿದ ಕಂಪನಿ ತೋಷಿಬಾ.

ಆ ವಾರಗಳಲ್ಲಿ ಜಪಾನಿನಲ್ಲಿ ಜನ ‘ಕವರ್ಸ್’ ಹುಡುಕಿ ಹುಡುಕಿ ಕೇಳಿದ್ರು. ಭೂಕಂಪವಾದ್ರೆ ಗತಿ ಏನು ಅನ್ನುವ ಭಯವನ್ನ ಒಬ್ಬ ಬಣ್ಣದ ವೇಷದವನು 23 ವರ್ಷ ಮೊದಲೇ ಹಾಡಿಟ್ಟಿದ್ದ. ಆ ಏಪ್ರಿಲ್‌ನಲ್ಲಿ ಕಜುಯೋಶಿ ಸೈತೊ ಎಂಬ ಗಾಯಕ, ಶಿಸೇಡೋ ಜಾಹೀರಾತಿಗೆ ತಾನೇ ಹಾಡಿದ್ದ ಪ್ರೇಮಗೀತೆಯ ಮಾತು ಬದಲಾಯಿಸಿ, ಸ್ಥಾವರಗಳು ಸುರಕ್ಷಿತ ಅಂದದ್ದೆಲ್ಲ ಸುಳ್ಳು ಅಂತ ಹಾಡಿದ ವಿಡಿಯೋ ಯೂಟ್ಯೂಬ್‌ಗೆ ಬಂತು. ಅವನ ಕಂಪನಿ ಅದನ್ನ ತೆಗೆಸಿತು. ತೆಗೆದಷ್ಟೂ ಜನ ಮತ್ತೆ ಹಾಕಿದ್ರು. ಪತ್ರಿಕೆಯಲ್ಲಿ ಪ್ರಕಟಣೆ ಕೊಡುವ ಕಾಲ ಮುಗಿದಿತ್ತು, ಅಷ್ಟೇ ವ್ಯತ್ಯಾಸ.

ಕುನಿತಾಚಿಯಲ್ಲಿ ‘ತಾಮಾರಾನ್‌ಜಾಕಾ’ ಅಂತ ಒಂದು ಇಳಿಜಾರು ರಸ್ತೆ ಇದೆ. ಇವನು ಅದರ ಮೇಲೆ ಒಂದು ಹಾಡು ಬರೆದಿದ್ದ, ಅಭಿಮಾನಿಗಳು ಇವತ್ತಿಗೂ ಅಲ್ಲಿಗೆ ಹೂವು ತಂದಿಡ್ತಾರೆ. ಅಷ್ಟು ದೂರ ಹೋಗಲಾರದವರಿಗೆ ಸೆವೆನ್ ಇಲೆವೆನ್ ಅಂಗಡಿಗಳಿವೆ. 2011ರಿಂದ ಜಪಾನಿನಲ್ಲಿ ಆ ಅಂಗಡಿಯ ಜಾಹೀರಾತುಗಳಲ್ಲಿ ಕೇಳಿಬರುವ ಹಾಡು, ಅವತ್ತು ಲೈವ್‌ನಲ್ಲಿ ಬೈಗುಳ ಮುಗಿಸಿದ ಬಳಿಕ ಟೈಮರ್ಸ್ ಹಾಡಿದ ‘ಡೇಡ್ರೀಮ್ ಬಿಲೀವರ್’. ಅದು ಅವನು ಅಮ್ಮನನ್ನ ನೆನೆದು ಬರೆದ ಹಾಡು ಅಂತ ಅಭಿಮಾನಿಗಳು ಹೇಳ್ತಾರೆ. ಹಾಲು, ಮೊಟ್ಟೆ, ಅನ್ನದ ಉಂಡೆ ಕೊಳ್ಳಲು ಬಂದವರಿಗೆ ಅದು ಗೊತ್ತಿರಬೇಕು ಅಂತೇನಿಲ್ಲ. ಹಾಡಿದವನ ಹೆಸರು ಇಮಾವಾನೊ ಅಲ್ಲ, ಝೆರಿ.